ಪಾಸ್‌ವರ್ಡ್ ಕೇಳದ ಡಿಸ್ಕು

ಕೇಳುಗರೇ, ನಮಸ್ಕಾರ. ಹೋದ ಮಳೆಗಾಲದಲ್ಲಿ ನನ್ನ ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊತ್ತುಕೊಂಡು ಹೋದೆ. ಅಂಗಡಿಯ ಹುಡುಗ ಅದನ್ನು ಮಗುಚಿ ಹಾಕಿ, ಸ್ಕ್ರೂ ಬಿಚ್ಚಿ, ಹಾರ್ಡ್ ಡಿಸ್ಕ್ ಹೊರಗೆಳೆದು, ಒಂದು ಕೇಬಲ್ಲಿನಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ‘ಡೇಟಾ ಎಲ್ಲಾ ಇದೆ ಸಾರ್, ಹೆದರ್ಬೇಡಿ’ ಅಂದ. ನನಗೆ ಹೆದರಿಕೆ ಶುರುವಾದದ್ದೇ ಆಗ. ಅವನ ಪರದೆಯ ಮೇಲೆ ನಮ್ಮ ಮನೆಯ ಕ್ರಯಪತ್ರ, ಆಧಾರ್, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು ಸಾಲಾಗಿ ಕೂತಿವೆ! ನಾನು ದಿನಾ ಬೆಳಿಗ್ಗೆ ಒತ್ತುತ್ತಿದ್ದ ಪಾಸ್‌ವರ್ಡನ್ನು ಯಾರೂ ಕೇಳಲೇ ಇಲ್ಲ.

ಆ ಪಾಸ್‌ವರ್ಡು ವಿಂಡೋಸ್‌ನ ಬಾಗಿಲನ್ನಷ್ಟೇ ಕಾಯುತ್ತದೆ. ಡಿಸ್ಕನ್ನೇ ಕಿತ್ತುಕೊಂಡು ಹೋದವರಿಗೆ ಬಾಗಿಲಿನ ಹಂಗೇನು? ಎನ್‌ಕ್ರಿಪ್ಷನ್ ಮಾಡಿಟ್ಟರೆ ಡಿಸ್ಕಿನ ಮೇಲಿನ ಅಕ್ಷರಗಳೇ ಕಲಸಿಹೋಗಿರುತ್ತವೆ. ಕಲಸುವ ವಿಧಾನದ ಹೆಸರು ಎಇಎಸ್. ಬೆಲ್ಜಿಯಂನ ಇಬ್ಬರು ರೂಪಿಸಿದ್ದು, ಅಮೆರಿಕ 2001ರಲ್ಲಿ ತನ್ನ ಮಾನದಂಡವಾಗಿ ಒಪ್ಪಿಕೊಂಡದ್ದು. ವಿಧಾನ ಊರಿಗೆಲ್ಲ ಗೊತ್ತು, ಗುಟ್ಟಿರುವುದು ಕಲಸಿದ್ದನ್ನು ಬಿಡಿಸುವ ಕೀಲಿಯಲ್ಲಿ.

ಹೀಗೆ ಕಲಸಿಡುವ ತಂತ್ರಾಂಶಗಳಿವೆ: ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್, ಮ್ಯಾಕ್‌ನವರಿಗೆ ಫೈಲ್‌ವಾಲ್ಟ್ ಜೊತೆಗೇ ಬರುತ್ತವೆ. ನಾನು ಹಿಡಿದದ್ದು ವೆರಾಕ್ರಿಪ್ಟ್, ದುಡ್ಡು ಕೊಡಬೇಕಿಲ್ಲ. ಐದು ಜಿಬಿಯ ಒಂದು ಫೈಲು ಮಾಡಿಕೊಂಡೆ. ಪಾಸ್‌ವರ್ಡ್ ಕೊಟ್ಟರೆ ಅದೇ ಒಂದು ಹೊಸ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ, ಕಾಗದಪತ್ರ ಎಲ್ಲ ಅದರೊಳಗೆ. ಕೆಲಸ ಮುಗಿದ ಮೇಲೆ ಆ ಡ್ರೈವನ್ನು ಮತ್ತೆ ಮುಚ್ಚಬೇಕು. ತೆರೆದಿಟ್ಟು ಕಾಫಿಗೆ ಎದ್ದುಹೋದರೆ ಬೀರುವಿಗೆ ಬೀಗದಕೈ ಸಿಕ್ಕಿಸಿಯೇ ಬಿಟ್ಟ ಹಾಗೆ. ಇನ್ನೊಂದು, ಹಳೆಯ ಪ್ರತಿಯನ್ನು ಬರೀ ಡಿಲೀಟ್ ಮಾಡಿದರೆ ಸಾಲದು, ಅದನ್ನು ಮತ್ತೆ ಎತ್ತುವ ತಂತ್ರಾಂಶಗಳಿವೆ. ನಾನಿದನ್ನು ತಡವಾಗಿ ಕಲಿತೆ.

ಕಷ್ಟ ಇರುವುದು ಮರೆವಿನಲ್ಲಿ. ವೆರಾಕ್ರಿಪ್ಟ್ ಪಾಸ್‌ವರ್ಡ್ ಮರೆತರೆ ಅದನ್ನು ತಯಾರಿಸಿದವರೂ ತೆರೆದುಕೊಡಲಾರರು. ಬಿಟ್‌ಲಾಕರ್ ಆದರೆ 48 ಅಂಕಿಯ ಒಂದು ರಿಕವರಿ ಕೀ, ಅಂದರೆ ಆಪತ್ತಿಗೊಂದು ಬದಲಿ ಕೀಲಿ, ಕೊಡುತ್ತದೆ. ಮದರ್‌ಬೋರ್ಡ್ ಬದಲಾಯಿಸಿದರೆ ಅದನ್ನೇ ಕೇಳಿ ಕೂರುತ್ತದೆ. ಅದನ್ನು ಅದೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳುವ ಜಾಣರನ್ನು ನೋಡಿದ್ದೇನೆ. ಕಾಗದದ ಮೇಲೆ ಬರೆದು, ಮೂಲ ಕ್ರಯಪತ್ರ ಇರುವ ಜಾಗದಲ್ಲೇ ಇಡಿ.

ಆಮೇಲೆ ಒಂದು ಪೆನ್‌ಡ್ರೈವನ್ನೂ ಪೂರ್ತಿ ಎನ್‌ಕ್ರಿಪ್ಟ್ ಮಾಡಿಟ್ಟೆ. ಮೊನ್ನೆ ಮಗಳು ಅದನ್ನು ಸಿಕ್ಕಿಸಿ, ‘ಅಪ್ಪಾ, ಫಾರ್ಮ್ಯಾಟ್ ಮಾಡ್ಬೇಕಂತೆ, ಒತ್ತಲಾ?’ ಅಂದಳು. ಕಲಸಿದ ಅಕ್ಷರ ವಿಂಡೋಸ್‌ಗೂ ಅರ್ಥವಾಗದು, ಖಾಲಿ ಎಂದುಕೊಂಡು ಹಾಗೆ ಕೇಳುತ್ತದೆ. ಅಡುಗೆಮನೆಯಿಂದಲೇ ಕೂಗಿಕೊಂಡೆ. ಈಗ ಪೆನ್‌ಡ್ರೈವಿಗೆ ಒಂದು ಚೀಟಿ ಅಂಟಿಸಿದ್ದೇನೆ: ‘ಏನು ಕೇಳಿದರೂ ಬೇಡ ಅನ್ನು.’