ಫಿಲೋಮಿನಾ ಚರ್ಚ್‌ಗೆ ಹೋಗಿ 120 ರೂಪಾಯಿ ಕಳ್ಕೊಂಡ ಕಥೆ

ಇದು ಅಶೋಕ ರಸ್ತೆ. ಗೋಪುರ ಆಗ್ಲೇ ಕಾಣ್ತಿದೆ ನೋಡಿ. ಮೈಸೂರಲ್ಲೇ ಹುಟ್ಟಿ ಬೆಳೆದೋನು ನಾನು, ಇದರ ಮುಂದೆ ಎಷ್ಟು ಸಲ ಗಾಡಿ ಓಡ್ಸಿದೀನೋ ಲೆಕ್ಕ ಇಲ್ಲ. ಒಳಗೆ ಹೋಗಿದ್ದು ಮಾತ್ರ ಎರಡೇ ಸಲ. ಊರಿನವರ ಹಣೆಬರಹವೇ ಇಷ್ಟು.

ಈ ಎರಡು ಗೋಪುರ 175 ಅಡಿ ಎತ್ತರ. ಪೂರ್ತಿ ಫೋನಿಗೆ ತರ್ಬೇಕು ಅಂತ ಹಿಂದಕ್ಕೆ ಹಿಂದಕ್ಕೆ ಹೋದೆ. ಇಲ್ಲಿ ವಿಡಿಯೊ ಅಲುಗಾಡ್ತಲ್ಲ, ಅದು ನಾನು ಅನಾನಸ್ ಗಾಡಿಗೆ ಗುದ್ದಿದ್ದು. ಹೆಚ್ಚಿಟ್ಟಿದ್ದ ಹೋಳೆಲ್ಲ ನೆಲಕ್ಕೆ! 'ಏನ್ ಸ್ವಾಮಿ, ಹಿಂದ್ಗಡೆ ನೋಡ್ಕೊಂಡ್ ಬರಬಾರ್ದಾ' ಅಂದ್ರು ಆ ಅಮ್ಮ. ಎಷ್ಟಾಯ್ತಮ್ಮ ಅಂದೆ. ಪ್ಲೇಟಿಗೆ 20, ಆರು ಪ್ಲೇಟು, 120 ಕೊಡಿ ಅಂದ್ರು. ಬಿದ್ದಿರೋದು ನಾಲ್ಕೇ ಕಣ್ರೀ, ನಾನೇ ಎಣಿಸಿದೆ! ಇನ್ನೆರಡು ಎಲ್ಲಮ್ಮ ಅಂದ್ರೆ ಚರಂಡಿ ತೋರಿಸಿದ್ರು. ಚರಂಡೀಲಿ ಬಗ್ಗಿ ಎಣಿಸಕ್ಕಾಗತ್ತಾ? ಕೊಟ್ಟೆ. ಕೊನೆಗೆ ಪಾಪ ಅನ್ನಿಸಿ ಒಂದು ಹೋಳಿನ ಮೇಲೆ ಉಪ್ಪುಖಾರ ಹಾಕಿ ಕೈಗಿಟ್ರು. ಚೆನ್ನಾಗೇ ಇತ್ತು, ಸುಳ್ಳು ಹೇಳಬಾರದು. ಆದ್ರೂ ಒಂದೇ ಒಂದು ಹೋಳು, 120 ರೂಪಾಯಿ!

ಅಯ್ಯೋ, ಚರ್ಚ್. ಇಲ್ಲಿ 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಒಂದು ಚರ್ಚ್ ಕಟ್ಟಿಸಿದ್ರು. ಈಗಿರೋದಕ್ಕೆ 1933 ಅಕ್ಟೋಬರ್ 28ರಂದು ಅಡಿಗಲ್ಲು ಹಾಕಿದ್ದು ನಾಲ್ವಡಿಯವರು. ನಕ್ಷೆ ಡೇಲಿ ಅನ್ನೋ ಫ್ರೆಂಚರದ್ದು, ಮಾದರಿ ಜರ್ಮನಿಯ ಕೊಲೋನ್ ಚರ್ಚು. ನನ್ನ ಕೇಳಿದ್ರೆ ನಕಲು. ಮೈಸೂರಿಗೆ ಜರ್ಮನಿ ಯಾಕ್ರೀ? ಇರಿ, ಇರಿ... ನಮ್ಮ ಅರಮನೆ ನಕ್ಷೆನೂ ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷರೇ ಬರೆದಿದ್ದಲ್ವಾ? ಹಂಗಾದ್ರೆ ವಾಪಸ್ ತಗೊಂಡೆ. ಇನ್ನೊಂದು ಗೊತ್ತಾ, ಕೊಲೋನಿನದ್ದು 1248ಕ್ಕೆ ಶುರುವಾಗಿ ಮುಗಿದಿದ್ದು 1880ಕ್ಕೆ. ನಮ್ಮವರು ಅಷ್ಟು ಕಾಯಿಸಲಿಲ್ಲ.

ಒಳಗಿನ ಶಾಟ್ ಇಲ್ಲ. ಜನ ಮಂಡಿಯೂರಿ ಕೂತಿದ್ರು, ಫೋನ್ ಎತ್ತಕ್ಕೆ ಮನಸ್ಸು ಬರಲಿಲ್ಲ. ಬಾಯಲ್ಲೇ ಹೇಳ್ತೀನಿ, ಅಲ್ಲಿವರೆಗೂ ಬಾಗಿಲು ನೋಡ್ತಿರಿ. ಕಟ್ಟಡದ ತಳವಿನ್ಯಾಸವೇ ಶಿಲುಬೆ ಆಕಾರ. ಕಿಟಕಿಗಳ ಬಣ್ಣದ ಗಾಜಲ್ಲಿ ಏಸುವಿನ ಜನನ, ಕೊನೆಯ ಭೋಜನ, ಶಿಲುಬೆ. ಬಿಸಿಲು ಬಿದ್ರೆ ಬಣ್ಣ ಬೆಂಚಿನ ಮೇಲೆಲ್ಲ ಹರಡ್ಕೊಳ್ಳುತ್ತೆ. ನನಗೆ ಹಿಡಿಸಿದ್ದು ಗಾಜಲ್ಲ, ನೆಲಮಾಳಿಗೆ. ಅಲ್ಲಿ ಮಲಗಿರೋ ಫಿಲೋಮಿನಾ ಮೂರ್ತಿ ಇದೆ. ಆ ಸಂತಳ ಅವಶೇಷ ತರಿಸಿದ್ದು 1926ರಲ್ಲಿ, ಮಹಾರಾಜರ ಹುಜೂರ್ ಸೆಕ್ರೆಟರಿ ತಂಬೂ ಚೆಟ್ಟಿ. ಗೋಡೆ ತುಂಬ ದಾನಿಗಳ ಹೆಸರಿನ ಕಲ್ಲುಗಳು. ಒಂದೊಂದೇ ಓದ್ತಾ ನಿಂತ್ಬಿಟ್ಟೆ, ಹಿಂದಿನವರು ಕೆಮ್ಮಿದ್ಮೇಲೇ ಹೆಜ್ಜೆ ಇಟ್ಟಿದ್ದು. ಒಬ್ಬೊಬ್ಬರೇ ಸಾಗೋವಷ್ಟು ಇಕ್ಕಟ್ಟು, ನನ್ನಂಥ ದಪ್ಪಗಿರೋರು...

ಹಾ, ಬಾಗಿಲ ಶಾಟ್ ಮುಗೀತು! ಮುಂದಕ್ಕೆ ದೇವರಾಜ ಮಾರ್ಕೆಟ್. ನಡ್ಕೊಂಡೇ ಹೋಗೋದು, ಆಟೋ ದುಡ್ಡು ಚರಂಡೀಲಿದೆ.