ಟರ್ಬೊ ಲ್ಯಾಗ್‌ಗೆ ಮದ್ದು ನಿಮ್ಮ ಎಡಗೈಯಲ್ಲೇ ಇದೆ

ಶಿರಾಡಿ ಘಾಟಿ. ಮಂಗಳೂರು ಕಡೆಯಿಂದ ಸಕಲೇಶಪುರಕ್ಕೆ ಹತ್ತುತ್ತಿದ್ದೀರಿ. ಮುಂದೆ ಒಂದು ಗ್ಯಾಸ್ ಟ್ಯಾಂಕರ್. ನಿಮ್ಮ ಗಾಡಿ ನಾಲ್ಕನೇ ಗೇರ್‌ನಲ್ಲಿ ಗಂಟೆಗೆ 40 ಕಿಲೋಮೀಟರ್ ಆಸುಪಾಸಿನಲ್ಲಿದೆ. ಎದುರಿಗೆ ರಸ್ತೆ ಖಾಲಿ ಕಂಡಿತು, ಬಲಕ್ಕೆ ತೆಗೆದಿರಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಿರಿ. ಗಾಡಿ ಏಳುವುದೇ ಇಲ್ಲ. ಒಂದು ಸೆಕೆಂಡ್ ಆಯಿತು, ಎರಡಾಯಿತು, ಇನ್ನೂ ಟ್ಯಾಂಕರ್ ಪಕ್ಕದಲ್ಲೇ ಇದ್ದೀರಿ. ಆಮೇಲೆ ಹಿಂದಿನಿಂದ ಯಾರೋ ನೂಕಿದ ಹಾಗೆ ಒಮ್ಮೆಲೇ ನುಗ್ಗುತ್ತದೆ. ಅಷ್ಟರಲ್ಲಿ ಎದುರಿನ ತಿರುವಿನಿಂದ ಬಸ್ ಬಂದಿರುತ್ತದೆ.

ಒತ್ತಿದ ಮೇಲೆ ಬಲ ಬರುವುದಕ್ಕೆ ಹಿಡಿಯುವ ಈ ತಡವನ್ನೇ ಜನ ಟರ್ಬೊ ಲ್ಯಾಗ್ ಅನ್ನುವುದು. ಅದರ ಬಗ್ಗೆ ನಾನು ಇಷ್ಟು ಒತ್ತಿ ಮಾತಾಡುವುದು ಇದಕ್ಕೇ. ಎರಡು ಲೇನಿನ ರಸ್ತೆಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಓವರ್‌ಟೇಕ್ ಮಾಡುವ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ನೇರವಾಗಿ ಹೇಳಿಬಿಡುತ್ತೇನೆ: ಮ್ಯಾನ್ಯುವಲ್ ಗಾಡಿಯಲ್ಲಿ ಈ ತೊಂದರೆಯ ಬಹುಪಾಲು ಬರುವುದು ನಾವು ಗೇರ್ ಹಾಕುವ ರೀತಿಯಿಂದ. ಆ ಅಭ್ಯಾಸ ತಿದ್ದುವುದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಟರ್ಬೊ ತಿರುಗುವುದು ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯ ಬಲದಿಂದ. ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಸಣ್ಣ ಕಾರುಗಳ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತು ದಾಟಬಲ್ಲದು. ಆದರೆ ಹೊಗೆ ಕಮ್ಮಿ ಇದ್ದಾಗ ಅದು ಸುಮ್ನೆ ಮೆಲ್ಲಗೆ ಸುತ್ತುತ್ತಿರುತ್ತದೆ, ಗಾಳಿಗೆ ಒತ್ತಡ ಸಿಗುವುದಿಲ್ಲ.

ಪ್ರತಿ ಎಂಜಿನ್‌ಗೂ ಒಂದು ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಮಟ್ಟ ಇರುತ್ತದೆ. ಅದರ ಕೆಳಗೆ ನೀವು ಎಷ್ಟೇ ಒತ್ತಿದರೂ ಟರ್ಬೊ ಏಳುವಷ್ಟು ಹೊಗೆಯೇ ಇರುವುದಿಲ್ಲ. ಬೂಸ್ಟ್ ಥ್ರೆಶೋಲ್ಡ್ ಅನ್ನುವುದು ಇದಕ್ಕೇ; ಬೂಸ್ಟ್ ಅಂದರೆ ಟರ್ಬೊ ಗಾಳಿಗೆ ಕೊಡುವ ಒತ್ತಡ. ಆ ಮಟ್ಟದ ಮೇಲಿದ್ದಾಗಲೂ ಒತ್ತಿದ ಮೇಲೆ ಬಲ ಬರುವುದಕ್ಕೆ ಚೂರು ಹೊತ್ತು ಹಿಡಿಯುತ್ತದೆ. ನಿಜವಾದ ಲ್ಯಾಗ್ ಅಷ್ಟೇ, ಅದು ಚಿಕ್ಕದು. ಶಿರಾಡಿಯಲ್ಲಿ ನಿಮ್ಮನ್ನು ನಡುರಸ್ತೆಯಲ್ಲಿ ಬಿಡುವುದು ಮೊದಲು ಹೇಳಿದ್ದು, ಆ ಮಟ್ಟದ ಕೆಳಗೆ ಇರುವುದು. ಅದಕ್ಕೆ ಕಾರಣ ತಪ್ಪು ಗೇರ್.

ಸ್ವಿಫ್ಟ್ ಮತ್ತು ಡಿಸೈರ್‌ನಲ್ಲಿದ್ದ 1.3 ಲೀಟರ್ ಡೀಸೆಲ್ ಎಂಜಿನ್ ತಗೊಳ್ಳಿ. ಮೂಲದಲ್ಲಿ ಫಿಯಟ್‌ನ ಮಲ್ಟಿಜೆಟ್, 1248 ಸಿಸಿ. 2020ರಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದಾಗ ಮಾರುತಿ ಅದನ್ನು ನಿಲ್ಲಿಸಿತು. ಆದರೂ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಇವತ್ತಿಗೂ ಜನ ಅದನ್ನು ಹುಡುಕುತ್ತಾರೆ. 75 ಪಿಎಸ್ ಶಕ್ತಿ, 190 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ. ಆ ಟಾರ್ಕ್ ಸಿಗುವುದು 2000 ಆರ್‌ಪಿಎಂನಲ್ಲಿ. 1500ರ ಕೆಳಗೆ ಅದೇ ಗಾಡಿಯನ್ನು ಓಡಿಸಿ ನೋಡಿ, ಬೇರೆ ಯಾವುದೋ ಗಾಡಿ ಅನಿಸುತ್ತದೆ. ಇದೇ ಎಂಜಿನ್ ಎರ್ಟಿಗಾ, ಸಿಯಾಜ್‌ಗಳಿಗೆ 90 ಪಿಎಸ್ ಆಗಿ ಬಂತು. ಅದರ ಟರ್ಬೊದೊಳಗೆ ಹೊಗೆ ಬಡಿಯುವ ಕೋನ ಬದಲಿಸುವ ರೆಕ್ಕೆಗಳಿದ್ದವು. ಬ್ರೋಷರ್ ಪ್ರಕಾರ 200 ಎನ್‌ಎಂ, 1750ರಲ್ಲೇ. ಆದರೂ ಓಡಿಸಿದವರಲ್ಲಿ ಅನೇಕರು ಇದೂ 2000ದ ಕೆಳಗೆ ಸಪ್ಪೆ ಎಂದೇ ಹೇಳುತ್ತಿದ್ದರು. ಯಾಕೆಂದರೆ ಆ ಅಂಕಿ ಪೂರ್ತಿ ಆಕ್ಸಿಲರೇಟರ್ ಒತ್ತಿ, ಬೂಸ್ಟ್ ನೆಲೆನಿಂತ ಮೇಲೆ ಅಳೆದದ್ದು. ಅಲ್ಲಿಗೆ ತಲುಪುವುದಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ಬ್ರೋಷರ್‌ನಲ್ಲಿ ಇರುವುದಿಲ್ಲ.

ಈಗ ನನಗೆ ನಿಜಕ್ಕೂ ಬೇಜಾರಾಗುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಡ್ರೈವಿಂಗ್ ಕಲಿಸುವಾಗ ಮೊದಲ ವಾರದಿಂದಲೇ ತಲೆಗೆ ತುಂಬುವುದು ಒಂದೇ ಮಾತು: ಬೇಗ ಗೇರ್ ಏರಿಸಿ, ಎಂಜಿನ್ ಕೂಗಿಸಬೇಡಿ, ಮೈಲೇಜ್ ಹೋಗುತ್ತದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಗಾಡಿಯಲ್ಲಿ, ಊರೊಳಗೆ, ಇದು ನಡೆಯುತ್ತದೆ. ಅದೇ ಅಭ್ಯಾಸ ಇಟ್ಟುಕೊಂಡು ಟರ್ಬೊ ಗಾಡಿಯಲ್ಲಿ ಘಾಟಿ ಹತ್ತಿದರೆ ಅಪಾಯ. ಡ್ಯಾಶ್‌ಬೋರ್ಡ್‌ನಲ್ಲಿ ಗೇರ್ ಏರಿಸು ಅಂತ ಬರುವ ಬಾಣದ ಗುರುತೂ ಇಂಧನ ಉಳಿಸಲಿಕ್ಕೆ ಇಟ್ಟದ್ದು. ಸಮತಟ್ಟು ರಸ್ತೆಯಲ್ಲಿ ಅದರ ಮಾತು ಕೇಳಿ. ಏರು ಹತ್ತುವಾಗ, ಓವರ್‌ಟೇಕ್‌ಗೆ ಮುಂಚೆ ಕೇಳಬೇಡಿ. ಇನ್ನು ಮೈಲೇಜ್ ಮಾತು. 1300 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದಾಗ ಹಳೆಯ ಡೀಸೆಲ್ ಗಾಡಿಗಳು ಕಪ್ಪು ಹೊಗೆ ಬಿಡುತ್ತವಲ್ಲ, ಅದು ಸಾಕಷ್ಟು ಗಾಳಿ ಸಿಗದೆ ಸರಿಯಾಗಿ ಉರಿಯದ ಡೀಸೆಲ್. ಅಲ್ಲಿ ಏನು ಉಳಿತಾಯ ಆಯಿತು?

ಮೊದಲು ನಿಮ್ಮ ಗಾಡಿಯ ಮಟ್ಟ ಎಲ್ಲಿದೆ ಅಂತ ಕಂಡುಕೊಳ್ಳಿ. ಖಾಲಿ, ನೇರ ರಸ್ತೆ. ಮೂರನೇ ಗೇರ್, ಸುಮಾರು 1300 ಆರ್‌ಪಿಎಂ. ಆಕ್ಸಿಲರೇಟರ್ ಅರ್ಧದಷ್ಟು ಒತ್ತಿ ಹಾಗೇ ಹಿಡಿಯಿರಿ. ಎಳೆತ ಜಾಸ್ತಿಯಾದದ್ದು ಬೆನ್ನಿಗೆ ಗೊತ್ತಾಗುತ್ತದೆ. ಆಗ ಆರ್‌ಪಿಎಂ ಮುಳ್ಳು ಎಲ್ಲಿತ್ತು ನೋಡಿಕೊಳ್ಳಿ. 1700 ಇರಬಹುದು, 2000 ಇರಬಹುದು. ಆ ಅಂಕಿ ನೆನಪಿಟ್ಟುಕೊಳ್ಳಿ. ಬಲ ಬೇಕಾಗುವ ಹೊತ್ತಿಗೆ ಮುಳ್ಳು ಅದರ ಮೇಲಿರಬೇಕು.

ಟ್ಯಾಂಕರ್ ಹಿಂದೆ ಇದ್ದಾಗಲೇ, ನಿಮ್ಮ ಲೇನಿನಲ್ಲೇ, ಮೂರಕ್ಕೋ ಎರಡಕ್ಕೋ ಇಳಿಸಿ. ಕ್ಲಚ್ ಪೂರ್ತಿ ಬಿಡಿ. ಬಲಕ್ಕೆ ಹೋದ ಮೇಲೆ ಗೇರ್ ಹುಡುಕುವ ಕೆಲಸ ಬೇಡ. ಕ್ಲಚ್ ಒತ್ತಿಕೊಂಡು ಎಂಜಿನ್ ರೊಂಯ್ ಅನ್ನಿಸಿದರೆ ಟರ್ಬೊ ಏಳುತ್ತದೆ ಅಂತ ಹಲವರು ನಂಬಿದ್ದಾರೆ. ಏಳುವುದಿಲ್ಲ. ಭಾರ ಇಲ್ಲದೆ ಓಡುವ ಎಂಜಿನ್ ಸುಡುವ ಇಂಧನವೇ ಸ್ವಲ್ಪ, ಹೊಗೆಯಲ್ಲಿ ಟರ್ಬೊ ತಿರುಗಿಸುವ ಶಕ್ತಿ ಇರುವುದಿಲ್ಲ. ಗೇರ್ ಸಲೀಸಾಗಿ ಬೀಳಲಿಕ್ಕೆ ಮಾತ್ರ ಅದು ಉಪಯೋಗ.

ಆಗುಂಬೆಗೆ ಬನ್ನಿ. ಸೋಮೇಶ್ವರದಿಂದ ಮೇಲಕ್ಕೆ 14 ಹೇರ್‌ಪಿನ್ ತಿರುವು. ಇಲ್ಲಿ ಬಲಗಾಲಿಗೂ ಕೆಲಸ ಇದೆ. ತಿರುವಿಗೆ ಮುಂಚೆ ಬ್ರೇಕ್ ಮುಗಿಸಿ, ಎರಡನೇ ಗೇರ್ ಹಾಕಿ. ತೀರಾ ಬಿಗಿಯಾದ ತಿರುವಾದರೆ ಮೊದಲನೆಯದನ್ನೇ ಹಾಕಿ, ಅದಕ್ಕೆ ನಾಚಿಕೆ ಬೇಡ. ತಿರುವಿನ ಮಧ್ಯದಲ್ಲೇ ಆಕ್ಸಿಲರೇಟರ್‌ಗೆ ಮೆಲ್ಲಗೆ ಕಾಲು ಕೊಡಿ. ಪೂರ್ತಿ ಬಲ ಬೇಕಾಗುವುದು ತಿರುವು ಬಿಟ್ಟ ಮೇಲೆ ಅಲ್ವಾ? ಟರ್ಬೊ ಅಷ್ಟರಲ್ಲಿ ಎದ್ದಿರುತ್ತದೆ. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವ ನಿಯಮವೂ ಇಲ್ಲಿ ದೊಡ್ಡ ಉಪಕಾರ. ಇಳಿಯುವವರು ದಯವಿಟ್ಟು ಪಾಲಿಸಿ.

ಗೇರ್ ಏರಿಸುವಾಗ ಒಂದು ಲೆಕ್ಕ. ಎರಡರಿಂದ ಮೂರಕ್ಕೆ ಹೋದರೆ ಆರ್‌ಪಿಎಂ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. 1800ಕ್ಕೆ ಏರಿಸಿದರೆ 1200ಕ್ಕೆ ಬಿದ್ದಿರಿ, ಟರ್ಬೊ ಮಲಗಿತು. ಏರು ರಸ್ತೆಯಲ್ಲಿ 2800ರವರೆಗೆ ಎಳೆದು ಏರಿಸಿ. ಎಂಜಿನ್‌ಗೆ ಏನೂ ಆಗುವುದಿಲ್ಲ.

ಸಣ್ಣ ಟರ್ಬೊ ಪೆಟ್ರೋಲ್‌ಗಳಲ್ಲಿ ಇನ್ನೊಂದು ಕಾರಣಕ್ಕೂ ಇದು ಮುಖ್ಯ. ಹ್ಯುಂಡೈ ವೆನ್ಯೂ 1.0 ಟರ್ಬೊದಲ್ಲಿ 172 ಎನ್‌ಎಂ 1500ರಿಂದಲೇ ಸಿಗುತ್ತದೆ, ಮಾರುತಿ ಫ್ರಾಂಕ್ಸ್ 1.0 ಟರ್ಬೊದಲ್ಲಿ 147.6 ಎನ್‌ಎಂ 2000ದಿಂದ. ಎರಡೂ ಮೂರು ಸಿಲಿಂಡರ್, ಎರಡೂ ಡೈರೆಕ್ಟ್ ಇಂಜೆಕ್ಷನ್, ಅಂದರೆ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸಿಂಪಡಣೆ. ಇಂಥ ಎಂಜಿನ್‌ಗಳನ್ನು ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಒತ್ತಿ ದುಡಿಸಿದರೆ, ಸ್ಪಾರ್ಕ್ ಬರುವ ಮುಂಚೆಯೇ ಪೆಟ್ರೋಲ್ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಪಿಸ್ಟನ್ ಒಡೆಯುವಷ್ಟು ಜೋರು ಏಟು ಅದು. 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್ ಅನ್ನುವ ಆಯಿಲ್ ದರ್ಜೆ ಬಂದದ್ದೇ ಇದನ್ನು ತಡೆಯಲಿಕ್ಕೆ. ಬೆಂಗಳೂರಿನವರಿಗೆ ಒಂದು ಮಾತು: ಊರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಬೂಸ್ಟ್ ಬರುವ ಮುಂಚೆ ಅದೇ ಗಾಡಿ ಮಂಗಳೂರಿಗಿಂತ ಇಲ್ಲಿ ಸ್ವಲ್ಪ ಸೋಮಾರಿ ಅನಿಸುತ್ತದೆ. ಎಸಿ ಹಾಕಿದ್ದರಂತೂ ಇನ್ನಷ್ಟು.

ದುಡ್ಡು ಖರ್ಚು ಮಾಡುವ ದಾರಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೆಡಲ್‌ಗೆ ಸಿಕ್ಕಿಸುವ ಬಾಕ್ಸ್ ನಿಮ್ಮ ಕಾಲಿನ ಅರ್ಧ ಒತ್ತನ್ನು ಮುಕ್ಕಾಲು ಅಂತ ಎಂಜಿನ್‌ಗೆ ಹೇಳುತ್ತದೆ, ಗಾಳಿ ಒಂದು ಚೂರೂ ಜಾಸ್ತಿ ಆಗುವುದಿಲ್ಲ. ರೀಮ್ಯಾಪ್‌ನಿಂದ, ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದರಿಂದ, ಬೂಸ್ಟ್ ಬಂದ ಮೇಲಿನ ಬಲ ಹೆಚ್ಚುತ್ತದೆ, ಆದರೆ 1300ರಲ್ಲಿ ಇಲ್ಲದ ಹೊಗೆಯನ್ನು ಅದು ಹುಟ್ಟಿಸಲಾರದು. ವಾರಂಟಿ ಹೋಗುವುದು ಬೇರೆ. ದೊಡ್ಡ ಟರ್ಬೊ ಹಾಕಿಸಿದರೆ ಲ್ಯಾಗ್ ಹೆಚ್ಚುತ್ತದೆ.

ಹೋದ ವರ್ಷ ಇಲ್ಲದ ಲ್ಯಾಗ್ ಈ ವರ್ಷ ಬಂದಿದೆ ಅಂದರೆ ಕಥೆಯೇ ಬೇರೆ. ಗಾಡಿಯಲ್ಲಿ ಏನೋ ಕೆಟ್ಟಿದೆ. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್ ಸೀಳಿರಬಹುದು, ಕ್ಲಿಪ್ ಸಡಿಲ ಆಗಿರಬಹುದು. ಒತ್ತಿದಾಗ ಸುಯ್ ಅನ್ನುವ ಸದ್ದು, ಹೋಸ್ ಕೀಲಿನಲ್ಲಿ ಆಯಿಲ್ ಜಿಡ್ಡು ಇದ್ದರೆ ಅದೇ ಗುರುತು. ಏರ್ ಫಿಲ್ಟರ್ ಕಟ್ಟಿರಬಹುದು, ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿರಬಹುದು, ಟರ್ಬೊದ ರೆಕ್ಕೆ ತಿರುಗಿಸುವ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು. ಗ್ಯಾರೇಜಿನಲ್ಲಿ ಟರ್ಬೊ ಬದಲಿಸಬೇಕು ಅಂದರೆ ತಕ್ಷಣ ಒಪ್ಪಬೇಡಿ. ಮೊದಲು ಇವಿಷ್ಟನ್ನೂ ನಿಮ್ಮ ಎದುರೇ ಬಿಚ್ಚಿ ತೋರಿಸಲು ಹೇಳಿ.