ಏನೂ ತಗೊಳ್ಳದಿದ್ರೂ ಜನ ಮಾಲಿಗೆ ಯಾಕೆ ಹೋಗ್ತಾರೆ? ಬೆಂಗಳೂರಿನ ಮಾಲ್‌ಗಳ ಕಥೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಸಂಪಿಗೆ ರೋಡ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ಮಂತ್ರಿ ಮಾಲ್ ಬಾಗಿಲ ಹತ್ರ ಸ್ವಲ್ಪ ಹೊತ್ತು ನಿಂತ್ಕೊಂಡು ನೋಡಿ. ಹೊರಗೆ ಬರೋರಲ್ಲಿ ಎಷ್ಟೋ ಜನರ ಕೈಯಲ್ಲಿ ಒಂದು ಕವರ್ ಕೂಡ ಇರಲ್ಲ. ಎರಡ್ಮೂರು ಗಂಟೆ ಒಳಗೆ ಓಡಾಡಿ, ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ ವಾಪಸ್ ಹೊರಟಿರ್ತಾರೆ. ಏನೂ ತಗೊಳ್ಳದೇ ಇದ್ರೂ ಇಷ್ಟು ಜನ ಇಲ್ಲಿಗೆ ಯಾಕೆ ಬರ್ತಾರೆ? ಇವತ್ತಿನ ವಿಡಿಯೋ ಪೂರ್ತಿ ಇದರ ಬಗ್ಗೆನೇ.

[ದೃಶ್ಯ: ಸಂಪಿಗೆ ರೋಡ್, ಮೆಟ್ರೋ, ಮಾಲಿನ ಬಾಗಿಲು]

ಮೊದಲು ಜಾಗದ ವಿಷಯ. ಈ ಮಾಲ್ ಶುರುವಾಗಿದ್ದು 2010ರಲ್ಲಿ. ಅದಕ್ಕೂ ಮುಂಚೆ ಇಲ್ಲಿದ್ದಿದ್ದು ನೂಲಿನ ಮಿಲ್, ಮೈಸೂರು ಸ್ಪಿನ್ನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಮಿಲ್ಸ್, ಹಳಬರ ಬಾಯಲ್ಲಿ ರಾಜಾ ಮಿಲ್. 1884ರಲ್ಲಿ ಶುರುವಾಗಿದ್ದದು, ಅಂದ್ರೆ ಮಲ್ಲೇಶ್ವರಂ ಬಡಾವಣೆಗಿಂತಲೂ ಹಳೇದು. ಇದೊಂದೇ ಅಲ್ಲ. ಬಿನ್ನಿ ಮಿಲ್ ಜಾಗದಲ್ಲೂ ಮಾಲ್ ಬಂತು, ಓರಾಯನ್ ಮಾಲ್ ನಿಂತಿರೋದು ಕಿರ್ಲೋಸ್ಕರ್ ಫ್ಯಾಕ್ಟರಿ ಇದ್ದ ಜಾಗದಲ್ಲಿ, ಯುಬಿ ಸಿಟಿ ಇರೋ ಕಡೆ ಮುಂಚೆ ಬಿಯರ್ ತಯಾರಾಗ್ತಿತ್ತು. ಇದು ಕಾಕತಾಳೀಯ ಏನಲ್ಲ ಕಣ್ರೀ. ಊರ ಮಧ್ಯದಲ್ಲಿ, ಮೇನ್ ರೋಡಿಗೆ ಅಂಟ್ಕೊಂಡು, ಎಕರೆಗಟ್ಟಲೆ ನೆಲ ಒಂದೇ ಕಡೆ ಸಿಗಬೇಕು ಅಂದ್ರೆ ಅದು ಹಳೇ ಫ್ಯಾಕ್ಟರಿಗಳ ಹತ್ರ ಮಾತ್ರ ಇತ್ತು. ಮಿಲ್‌ಗಳು ನಷ್ಟಕ್ಕೆ ಬಿದ್ದು ಮುಚ್ಚಿದ್ವು, ಅದೇ ಹೊತ್ತಿಗೆ ಐಟಿ ಸಂಬಳ ಊರೊಳಗೆ ಹರೀತು, ನೆಲದ ರೇಟ್ ಏರ್ತು. ಶಿಫ್ಟ್ ಲೆಕ್ಕದಲ್ಲಿ ಕೆಲಸ ಮಾಡೋರು ಬರ್ತಿದ್ದ ಗೇಟಿಗೆ ಈಗ ವೀಕೆಂಡ್ ಕಳೆಯೋರು ಬರ್ತಾರೆ. ಆ ಮಿಲ್ಲಿನ ಕೆಲಸಗಾರರ ನೆನಪಿಗೆ ಅಲ್ಲೇ ಒಂದು ಗೋಡೆಯಷ್ಟಾದರೂ ಜಾಗ ಕೊಡಬೇಕು ಅಂತ ನನಗೆ ಬಹಳ ಅನ್ಸುತ್ತೆ.

ಇನ್ನು ಮಾಲ್ ಹೇಗೆ ನಡೆಯುತ್ತೆ ಅಂತ ನೋಡೋಣ. ಮಾಲ್‌ನವರು ಸಾಮಾನ್ಯವಾಗಿ ಸಾಮಾನು ಮಾರಲ್ಲ, ಜಾಗ ಬಾಡಿಗೆಗೆ ಕೊಡ್ತಾರೆ. ಅಂಗಡಿಯವರ ಹತ್ರ ತಿಂಗಳಿಗೆ ಇಷ್ಟು ಅಂತ ಕನಿಷ್ಠ ಬಾಡಿಗೆ, ಇಲ್ಲಾಂದ್ರೆ ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್, ಎರಡರಲ್ಲಿ ಯಾವುದು ಜಾಸ್ತಿನೋ ಅದು, ಹೀಗೆ ಒಪ್ಪಂದ ಇರೋದು ಮಾಮೂಲಿ. ಮೇಲೆ ಮೇಂಟೆನೆನ್ಸ್ ಬೇರೆ. ಸೂಪರ್ ಮಾರ್ಕೆಟ್, ದೊಡ್ಡ ಬಟ್ಟೆ ಅಂಗಡಿ, ಮಲ್ಟಿಪ್ಲೆಕ್ಸ್, ಇವಕ್ಕೆ ಟ್ರೇಡಲ್ಲಿ ಆ್ಯಂಕರ್ ಅಂತಾರೆ, ಇವು ಜನರನ್ನ ಎಳೆದು ತರೋದ್ರಿಂದ ಇವಕ್ಕೆ ಚದರಡಿ ಲೆಕ್ಕದಲ್ಲಿ ಬಾಡಿಗೆ ಕಡಿಮೆ, ಅವರಿಂದ ಬರೋ ಜನರನ್ನ ನಂಬ್ಕೊಂಡಿರೋ ಸಣ್ಣ ಅಂಗಡಿಗೆ ಜಾಸ್ತಿ. ಫುಡ್ ಕೋರ್ಟ್, ಸಿನಿಮಾ ಎರಡನ್ನೂ ಯಾಕೆ ಮೇಲಿನ ಫ್ಲೋರಲ್ಲೇ ಇಡ್ತಾರೆ ಗೊತ್ತಾ? ನೀವು ದೋಸೆ ತಿನ್ನೋಕೆ ಹೊರಟ್ರೂ ಎಲ್ಲಾ ಫ್ಲೋರ್ ದಾಟ್ಕೊಂಡು ಹೋಗ್ಲಿ ಅಂತ. ಎಷ್ಟೋ ಕಡೆ ಒಂದು ಎಸ್ಕಲೇಟರ್ ಇಳಿದ ತಕ್ಷಣ ಇನ್ನೊಂದು ಸಿಗಲ್ಲ, ಸುತ್ತು ಹಾಕಬೇಕು, ಅದೂ ಬೇಕಂತಲೇ.

ಇಷ್ಟೆಲ್ಲಾ ಲೆಕ್ಕಾಚಾರ ಇದ್ರೂ ಜನ ಅದನ್ನ ತಮಗೆ ಬೇಕಾದ ಹಾಗೆ ಬಳಸ್ಕೊಂಡಿದ್ದಾರೆ, ನನಗೆ ಇಷ್ಟ ಆಗೋದು ಇದೇ. ಬೆಂಗಳೂರಲ್ಲಿ ಮನೆ ಬಿಟ್ಟು ಹೊರಗೆ ಬಂದ ಹೆಂಗಸರಿಗೆ ಕ್ಲೀನ್ ಆಗಿರೋ ಟಾಯ್ಲೆಟ್ ಎಲ್ಲಿದೆ ಹೇಳಿ? ಮಗುಗೆ ಡೈಪರ್ ಬದಲಾಯಿಸೋಕೆ ಜಾಗ? ಮಂಡಿ ನೋವಿರೋ ಅಜ್ಜಿನ ಎಡವದೇ ಇರೋ ನೆಲದ ಮೇಲೆ ನೂರು ಹೆಜ್ಜೆ ನಡೆಸಬೇಕು ಅಂದ್ರೆ ಫುಟ್‌ಪಾತಲ್ಲಿ ಆಗುತ್ತಾ, ಕಲ್ಲು ಎದ್ದಿರುತ್ತೆ, ಟ್ರಾನ್ಸ್‌ಫಾರ್ಮರ್ ಇರುತ್ತೆ, ಮೇಲೆ ಬೈಕ್ ಹತ್ತಿಸ್ತಾರೆ. ಪಿಜಿಯಲ್ಲಿರೋ ಹುಡುಗಿ ರಾತ್ರಿ ಎಂಟೂವರೆಗೆ ಒಬ್ಬಳೇ ಕೂತು ಕಾಫಿ ಕುಡಿದ್ರೆ ಯಾರೂ ತಿರುಗಿ ನೋಡದ ಜಾಗ ಅವಳಿಗೆ ಎಷ್ಟು ಸಿಗುತ್ತೆ? ಇದೆಲ್ಲಾ ಮಾಲಲ್ಲಿದೆ. ಇದನ್ನ ಬರೀ ಶೋಕಿ ಅನ್ನೋರು ಮನೆಯ ಹೆಂಗಸರನ್ನ ಒಂದ್ಸಲ ಕೇಳಿ ನೋಡಬೇಕು.

ಕನ್ನಡ ಸಿನಿಮಾಗೂ ಮಾಲಿಂದ ಒಂದು ತಿರುವು ಸಿಕ್ತು. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಶುರುವಾಯ್ತು, ಈಗ ಅದರ ಹೆಸರು ನೆಕ್ಸಸ್, ಅಲ್ಲಿ ಪಿವಿಆರ್ 11 ಸ್ಕ್ರೀನ್ ಇಟ್ಟು ಬಂತು. ಮಲ್ಟಿಪ್ಲೆಕ್ಸಲ್ಲಿ ಕನ್ನಡ ಯಾರು ನೋಡ್ತಾರೆ ಅನ್ನೋ ಮಾತಿತ್ತು. 2006ರ ಡಿಸೆಂಬರಲ್ಲಿ ಮುಂಗಾರು ಮಳೆ ರಿಲೀಸ್ ಆಯ್ತು, ಪಿವಿಆರ್‌ನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಓಡ್ತು, ಆ ಮಾತು ಅಲ್ಲಿಗೆ ನಿಂತು ಹೋಯ್ತು.

[ದೃಶ್ಯ: ಮಾಲ್ ಗೇಟ್, ಮೆಟಲ್ ಡಿಟೆಕ್ಟರ್]

ಈಗ ಗೇಟಿಗೆ ಬರೋಣ, ಯಾಕಂದ್ರೆ ನನ್ನ ತಕರಾರು ಇರೋದು ಇಲ್ಲೇ. 2024ರ ಜುಲೈನಲ್ಲಿ ಮಾಗಡಿ ರೋಡಿನ ಜಿಟಿ ಮಾಲಿಗೆ ಹಾವೇರಿ ಕಡೆಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡೋಕೆ ಬಂದ್ರು. ಟಿಕೆಟ್ ಇತ್ತು. ಆದ್ರೆ ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಡಿಯೋ ಹರಡ್ತು, ರೈತ ಸಂಘಟನೆಗಳು, ಕನ್ನಡ ಸಂಘಟನೆಗಳು ಗೇಟ್ ಮುಂದೆ ಕೂತವು, ಮಾಲ್‌ನವರು ಕ್ಷಮೆ ಕೇಳಿದ್ರು, ವಿಧಾನಸಭೆಯಲ್ಲೂ ಚರ್ಚೆ ಆಗಿ ಸರ್ಕಾರ ಒಂದು ವಾರ ಮಾಲ್ ಮುಚ್ಚಿಸ್ತು. ಪಂಚೆ ಉಟ್ಟೋರಿಗೆ ಬೆಂಗಳೂರಲ್ಲಿ ಬಾಗಿಲು ಹಾಕ್ತಾರೆ ಅಂದ್ರೆ ಕೋಪ ಬರದೇ ಇರುತ್ತಾ. ಆದ್ರೆ ಸುದ್ದಿಯಾಗದೇ ಇರೋದನ್ನೂ ಯೋಚನೆ ಮಾಡಿ. ಅವರ ಕೈಯಲ್ಲಿ ಟಿಕೆಟ್ ಇತ್ತು, ಪಕ್ಕದಲ್ಲಿ ವಿಡಿಯೋ ಮಾಡೋಕೆ ಮಗ ಇದ್ದ. ಗೇಟ್ ನೋಡಿನೇ ಇದು ನಮ್ಮಂಥೋರಿಗಲ್ಲ ಅಂತ ತಿರುಗಿ ಹೋಗೋ ಗಾರೆ ಕೆಲಸದವರನ್ನ, ಪೌರಕಾರ್ಮಿಕರನ್ನ ಯಾರೂ ತಡೆಯೋದೇ ಬೇಡ, ವಿಡಿಯೋನೂ ಆಗಲ್ಲ. ಮಾಲ್ ನೋಡೋಕೆ ಊರಿನ ಚೌಕದ ಹಾಗೆ ಇರುತ್ತೆ, ಆದ್ರೆ ಅದು ಒಬ್ಬರ ಆಸ್ತಿ. ನಿಯಮ ಅವರದು, ಗಾರ್ಡ್ ಅವರ ಸಂಬಳದವನು. ಪಾರ್ಕ್ ಬೆಂಚಿನ ಮೇಲೆ ಕೂರೋಕೆ ನನಗಿರೋ ಹಕ್ಕು ಅಲ್ಲಿಲ್ಲ.

ಹೊರಗಡೆ ಊರಿನ ಮೇಲೆ ಬೀಳೋ ಭಾರನೂ ಇದೆ. ಬ್ಯಾಟರಾಯನಪುರದ ಮಾಲ್ ಆಫ್ ಏಷ್ಯಾ 2023ರಲ್ಲಿ ಶುರುವಾಗಿದ್ದೇ ಏರ್‌ಪೋರ್ಟ್ ರೋಡಲ್ಲಿ ಟ್ರಾಫಿಕ್ ಹೆಂಗಾಯ್ತು ಅಂದ್ರೆ, ವರ್ಷದ ಕೊನೆಗೆ ಪೊಲೀಸ್ ಕಮಿಷನರ್ ಜನ ಬರೋದನ್ನೇ ನಿರ್ಬಂಧಿಸಿ ಆದೇಶ ಹೊರಡಿಸಿದ್ರು, ವಿಷಯ ಹೈಕೋರ್ಟ್ ಮೆಟ್ಟಿಲೇರ್ತು. ತೆರಿಗೆ ಬಾಕಿ ಅಂತ ಮಂತ್ರಿ ಮಾಲಿಗೂ ಆಗಿನ ಬಿಬಿಎಂಪಿ ಒಂದಕ್ಕಿಂತ ಹೆಚ್ಚು ಸಲ ಬೀಗ ಹಾಕಿತ್ತು.

ಮಂತ್ರಿ ಮಾಲಿಂದ ಸಂಪಿಗೆ ರೋಡಲ್ಲೇ ಸ್ವಲ್ಪ ನಡೆದ್ರೆ ಎಂಟನೇ ಕ್ರಾಸಿನ ಬೀದಿ ಮಾರ್ಕೆಟ್. ಮಾಲ್ ಬಂದ್ರೆ ಇದು ಮುಳುಗುತ್ತೆ ಅಂದವರು ಇದ್ರು, ಮುಳುಗಲಿಲ್ಲ. ಹಬ್ಬದ ಹಿಂದಿನ ದಿನ ಹೋಗಿ, ಕಾಲಿಡೋಕೆ ಜಾಗ ಇರಲ್ಲ, ಬಾಳೆಕಂದು, ಸೇವಂತಿಗೆ ಮಾರು, ಬಳೆ, ಎಲ್ಲಾ ಚೌಕಾಸಿ. ಅಲ್ಲಿ ಯಾರೂ ಯಾರ ಬಟ್ಟೆ ನೋಡಲ್ಲ. ಆದ್ರೆ ಅಲ್ಲಿ ಕೂರೋಕೆ ಜಾಗ ಇಲ್ಲ, ಟಾಯ್ಲೆಟ್ ಹುಡುಕಬೇಕು.

ಹಾಗಾಗಿ ಮಾಲಿಗೆ ಹೋಗಬೇಡಿ ಅಂತ ನಾನು ಹೇಳಲ್ಲ, ಮಾಲಲ್ಲಿ ಸಿಗೋದು ರಸ್ತೆಯಲ್ಲೂ ಸಿಗಲಿ ಅಂತ ಕೇಳ್ತೀನಿ. ಇದು ಆಗದ ಕೆಲಸ ಅಲ್ಲ. ಬೆಂಗಳೂರಿನ ಪಾರ್ಕ್‌ಗಳಿಗೆ ಮುಂಚೆ ಮಧ್ಯಾಹ್ನ ಬೀಗ ಬೀಳ್ತಿತ್ತು, ಡೆಲಿವರಿ ಹುಡುಗರು ಬಿಸಿಲಲ್ಲಿ ಬೈಕ್ ಮೇಲೇ ಕೂತಿರ್ತಿದ್ರು. ಜನ ಕೇಳ್ತಾ ಬಂದ್ರು, 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆಗೆದಿರಬೇಕು ಅಂತ ಆದೇಶ ಆಯ್ತು. ಈಗ ನೀವೊಂದು ಕೆಲಸ ಮಾಡಿ. ನಿಮ್ಮ ಏರಿಯಾ ಪಾರ್ಕ್ ಮಧ್ಯಾಹ್ನ ನಿಜವಾಗ್ಲೂ ತೆಗೆದಿರುತ್ತಾ, ಟಾಯ್ಲೆಟ್ ಇದೆಯಾ, ರಾತ್ರಿ ಲೈಟ್ ಉರಿಯುತ್ತಾ ನೋಡ್ಕೊಂಡು ಬಂದು ವಾರ್ಡ್ ಹೆಸರಿನ ಸಮೇತ ಕಾಮೆಂಟಲ್ಲಿ ಬರೀರಿ, ಆ ಪಟ್ಟಿ ಇಟ್ಕೊಂಡೇ ಮುಂದಿನ ವಿಡಿಯೋ ಮಾಡ್ತೀನಿ.